ಆಸ್ಪತ್ರೆಗೆ ಸೇರಿದ ಶ್ವಾಸಕೋಶ ಕ್ಯಾನ್ಸರ್ ರೋಗಿ: ಅಪಾಯ ಯಾರಿಗೆ ಹೆಚ್ಚು? ಮನೆಯವರು ಗಮನಿಸಬೇಕಾದದ್ದೇನು?

(ರೋಗಿಗಳು ಮತ್ತು ಅವರ ಕಡೆಯವರ ತಿಳಿವಳಿಕೆಗಾಗಿ ನೀಡಿದ ಉಪನ್ಯಾಸ)





ಶ್ವಾಸಕೋಶದ ಕ್ಯಾನ್ಸರ್ ಎಂದ ಕೂಡಲೇ ಎಲ್ಲರ ಮನಸ್ಸು ಗಡ್ಡೆಯ ಕಡೆಗೆ ಹೋಗುತ್ತದೆ. ಗಡ್ಡೆ ಎಷ್ಟು ದೊಡ್ಡದಿದೆ, ಎಲ್ಲಿಗೆ ಹರಡಿದೆ, ಆಪರೇಷನ್ ಆಗುತ್ತದೆಯೇ, ಕಿಮೋ ಎಷ್ಟು ಸಲ ಕೊಡಬೇಕು ಎಂದು ನೀವು ಕೇಳುತ್ತೀರಿ. ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ವಾರ್ಡಿನಲ್ಲಿರುವ ರೋಗಿಗೆ ಒಮ್ಮೆಲೇ ಪ್ರಾಣಾಪಾಯ ಬಂದಾಗ ಅದಕ್ಕೆ ಕಾರಣ ಅನೇಕ ಸಲ ಬೇರೆಯೇ ಇರುತ್ತದೆ. ಸೋಂಕು, ರಕ್ತನಾಳದಲ್ಲಿ ಕಟ್ಟಿದ ಹೆಪ್ಪು, ಎದೆಯಲ್ಲಿ ತುಂಬಿದ ನೀರು, ಕಫದ ಜೊತೆಗೆ ಬರುವ ರಕ್ತ, ರಕ್ತದಲ್ಲಿ ಲವಣಗಳ ಏರುಪೇರು ಇವೇ ರೋಗಿಯನ್ನು ಕೆಲವೇ ಗಂಟೆಗಳಲ್ಲಿ ಐ.ಸಿ.ಯು.ಗೆ ಕೊಂಡೊಯ್ಯುತ್ತವೆ.

ಸಮಾಧಾನದ ಸಂಗತಿ ಎಂದರೆ, ಇವುಗಳಲ್ಲಿ ಹೆಚ್ಚಿನವು ಮುನ್ಸೂಚನೆ ಕೊಟ್ಟೇ ಬರುತ್ತವೆ. ಯಾರಿಗೆ ಬರುವ ಸಂಭವ ಹೆಚ್ಚು ಎಂಬುದನ್ನು ಮೊದಲೇ ಹೇಳಬಹುದು. ಮುನ್ಸೂಚನೆಯನ್ನು ಮೊದಲು ಕಾಣುವವರು ಡಾಕ್ಟರಲ್ಲ, ನರ್ಸೂ ಅಲ್ಲ, ಹಾಸಿಗೆಯ ಪಕ್ಕದಲ್ಲಿ ಕುಳಿತಿರುವ ನೀವು. ಆದ್ದರಿಂದ ಇಂದು ನಾನು ನಿಮ್ಮಿಂದ ಕೇಳುವುದು ಎರಡೇ: ತಿಳಿದಿದ್ದನ್ನು ಮುಚ್ಚಿಡದೆ ನಮಗೆ ಹೇಳಿ, ಕಂಡದ್ದನ್ನು ತಡಮಾಡದೆ ನಮಗೆ ಹೇಳಿ.

ಶ್ವಾಸಕೋಶದ ರೋಗಿಗೇ ಏಕೆ ಇಷ್ಟು ಎಚ್ಚರಿಕೆ?

ಕೈಗೆ ಪೆಟ್ಟಾದರೆ ಕೈಗೆ ವಿಶ್ರಾಂತಿ ಕೊಡಬಹುದು. ಶ್ವಾಸಕೋಶಕ್ಕೆ ವಿಶ್ರಾಂತಿ ಎಂಬುದಿಲ್ಲ. ಗಡ್ಡೆ ಗಾಳಿಯ ಕೊಳವೆಯನ್ನು ಒತ್ತಿದರೆ ಅದರ ಆಚೆಗಿನ ಭಾಗದಲ್ಲಿ ಕಫ ನಿಲ್ಲುತ್ತದೆ. ನಿಂತ ನೀರಿನಲ್ಲಿ ಹುಳ ಬೀಳುವಂತೆ ನಿಂತ ಕಫದಲ್ಲಿ ರೋಗಾಣು ಬೆಳೆದು ನ್ಯುಮೋನಿಯಾ ಆಗುತ್ತದೆ. ಅನೇಕ ರೋಗಿಗಳಿಗೆ ಬೀಡಿ, ಸಿಗರೇಟಿನ ಹೊಗೆಯಿಂದಾಗಿ ಗಡ್ಡೆಯಿಲ್ಲದ ಭಾಗವೂ ಮೊದಲೇ ಸವೆದಿರುತ್ತದೆ. ಬೀಡಿಯನ್ನು ಮುಟ್ಟದವರಿಗೂ, ವರ್ಷಗಟ್ಟಲೆ ಕಟ್ಟಿಗೆ ಒಲೆಯ ಮುಂದೆ ಕುಳಿತ ತಾಯಂದಿರಿಗೂ ಈ ರೋಗ ಬರುತ್ತದೆ ಎಂಬುದನ್ನು ಮರೆಯಬಾರದು. ರೋಗ ತಡವಾಗಿ ಪತ್ತೆಯಾಗುವುದೂ ಸಾಮಾನ್ಯ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಕ್ಷಯದಲ್ಲಿಯೂ ಇರುವುದರಿಂದ, ಕೆಲವರು ತಿಂಗಳುಗಟ್ಟಲೆ ಕ್ಷಯದ ಗುಳಿಗೆ ನುಂಗಿ ಕೊನೆಗೆ ಇಲ್ಲಿಗೆ ಬರುತ್ತಾರೆ. ಅಷ್ಟರಲ್ಲಿ ದೇಹ ಬಹಳ ಸೋತಿರುತ್ತದೆ.

ಅಪಾಯ ಯಾರಿಗೆ ಹೆಚ್ಚು?

ಈ ಕೆಳಗಿನ ಅಂಶಗಳಲ್ಲಿ ನಿಮ್ಮ ರೋಗಿಗೆ ಯಾವುವು ಅನ್ವಯಿಸುತ್ತವೆ ಎಂದು ನೋಡಿಕೊಳ್ಳಿ. ಒಂದೆರಡು ಅನ್ವಯಿಸಿದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಹೆಚ್ಚು ಅಂಶಗಳು ಕೂಡಿದಷ್ಟೂ ಹೆಚ್ಚು ಎಚ್ಚರ ಬೇಕು, ಅಷ್ಟೆ.

1. ಓಡಾಟದ ಶಕ್ತಿ. ರೋಗಿ ಎಷ್ಟು ಓಡಾಡುತ್ತಾರೆ ಎಂಬುದಕ್ಕೆ ನಾವು 0ಯಿಂದ 4ರವರೆಗೆ ಅಂಕ ಕೊಡುತ್ತೇವೆ. 0 ಎಂದರೆ ಮೊದಲಿನಂತೆ ಎಲ್ಲ ಕೆಲಸ ಮಾಡುವವರು. 1 ಎಂದರೆ ಭಾರದ ಕೆಲಸ ಆಗದಿದ್ದರೂ ಹಗುರ ಕೆಲಸ ಮಾಡುವವರು. 2 ಎಂದರೆ ದುಡಿಯಲಾಗದಿದ್ದರೂ ಸ್ನಾನ, ಊಟ ತಾವೇ ಮಾಡಿಕೊಂಡು ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಎದ್ದಿರುವವರು. 3 ಎಂದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಅಥವಾ ಕುರ್ಚಿಯಲ್ಲಿಯೇ ಕಳೆಯುವವರು. 4 ಎಂದರೆ ಪೂರ್ತಿ ಹಾಸಿಗೆ ಹಿಡಿದವರು. ಅಂಕ ಏರಿದಂತೆ ಅಪಾಯವೂ ಏರುತ್ತದೆ. ವಯಸ್ಸೂ ಮುಖ್ಯವೇ. ಆದರೆ ಓಡಾಡುವ 70ರ ಅಜ್ಜನಿಗಿಂತ ಹಾಸಿಗೆ ಹಿಡಿದ 50ರ ಮಗನಿಗೆ ಅಪಾಯ ಹೆಚ್ಚಿರಬಹುದು.

2. ತೂಕ ಇಳಿದಿರುವುದು. ಆರು ತಿಂಗಳಲ್ಲಿ ತೂಕ ನೂರಕ್ಕೆ 5ಕ್ಕಿಂತ ಹೆಚ್ಚು ಇಳಿದಿದ್ದರೆ ಅದನ್ನು ಲಘುವಾಗಿ ನೋಡಬಾರದು. 60 ಕಿಲೋ ಇದ್ದವರು 57 ಕಿಲೋಗಿಂತ ಕೆಳಗೆ ಬಂದಿದ್ದರೆ ಈ ಲೆಕ್ಕಕ್ಕೆ ಸೇರುತ್ತಾರೆ. ಮಾಂಸಖಂಡ ಕರಗಿದವರಿಗೆ ಗಟ್ಟಿಯಾಗಿ ಕೆಮ್ಮಿ ಕಫ ತೆಗೆಯುವ ಬಲವೂ ಇರುವುದಿಲ್ಲ.

3. ಮೊದಲೇ ಇರುವ ಕಾಯಿಲೆಗಳು. ದಮ್ಮು, ಬೀಡಿಯಿಂದ ಬಂದ ಶ್ವಾಸಕೋಶದ ಸವೆತ, ಹಳೆಯ ಕ್ಷಯ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮೂತ್ರಪಿಂಡದ ತೊಂದರೆ.

4. ರೋಗದ ಹಂತ ಮತ್ತು ಜಾಗ. ಬೇರೆ ಅಂಗಗಳಿಗೆ ಹರಡಿದ ರೋಗ, ಎದೆಯ ನಡುಭಾಗದಲ್ಲಿ ದೊಡ್ಡ ರಕ್ತನಾಳಗಳ ಹತ್ತಿರ ಇರುವ ಗಡ್ಡೆ, ಬೆನ್ನುಮೂಳೆ ಅಥವಾ ಮೆದುಳಿಗೆ ಹರಡಿದ ರೋಗ.

5. ನಡೆಯುತ್ತಿರುವ ಚಿಕಿತ್ಸೆ. ಇತ್ತೀಚೆಗೆ ಕೊಟ್ಟ ಕಿಮೋ, ಎದೆಗೆ ಕೊಟ್ಟ ರೇಡಿಯೇಷನ್, ಶ್ವಾಸಕೋಶದ ಆಪರೇಷನ್, ಹೆಚ್ಚು ದಿನ ತೆಗೆದುಕೊಂಡ ಸ್ಟೀರಾಯ್ಡ್.

6. ಹಾಸಿಗೆ ಮತ್ತು ನಳಿಕೆಗಳು. ದಿನಗಟ್ಟಲೆ ಮಲಗಿರುವುದು, ರಕ್ತನಾಳಕ್ಕೆ ಹಾಕಿದ ನಳಿಕೆ, ಮೂತ್ರದ ನಳಿಕೆ. ಇವು ಬೇಕೆಂದೇ ಹಾಕಿರುತ್ತೇವೆ. ಆದರೂ ಪ್ರತಿಯೊಂದು ನಳಿಕೆಯೂ ರೋಗಾಣುವಿಗೆ ಒಂದು ಬಾಗಿಲು. ಆದ್ದರಿಂದ "ಸಿಸ್ಟರ್, ಈ ನಳಿಕೆ ಇನ್ನೂ ಬೇಕೇ?" ಎಂದು ನೀವು ಕೇಳಬಹುದು. ನಾವು ಬೇಸರಪಟ್ಟುಕೊಳ್ಳುವುದಿಲ್ಲ.

ಇನ್ನು ಮುಖ್ಯ ತೊಂದರೆಗಳನ್ನು ಒಂದೊಂದಾಗಿ ನೋಡೋಣ.

ಜ್ವರ: ಕಿಮೋ ನಂತರ ಇದು ತುರ್ತು

ಕಿಮೋ ಔಷಧಿ ಕ್ಯಾನ್ಸರ್ ಕಣಗಳ ಜೊತೆಗೆ ರೋಗಾಣುಗಳೊಂದಿಗೆ ಹೋರಾಡುವ ಬಿಳಿ ರಕ್ತಕಣಗಳನ್ನೂ ಕಡಿಮೆ ಮಾಡುತ್ತದೆ. ಸಾಮಾನ್ಯವಾಗಿ ಕಿಮೋ ಕೊಟ್ಟ 7ರಿಂದ 14 ದಿನಗಳ ನಡುವೆ ಈ ಕಣಗಳು ತೀರ ಕೆಳಗೆ ಇಳಿಯುತ್ತವೆ. ಇವುಗಳಲ್ಲಿ ನ್ಯೂಟ್ರೋಫಿಲ್ ಎಂಬ ಕಣಗಳು 500ಕ್ಕಿಂತ ಕಡಿಮೆಯಾದಾಗ ಜ್ವರ ಬಂದರೆ, ಸೋಂಕು ಗಂಟೆಗಳಲ್ಲಿ ರಕ್ತಕ್ಕೆಲ್ಲ ಹರಡಬಹುದು. ಇಂಥವರಿಗೆ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಆರಂಭವಾಗಬೇಕು.

ಆದ್ದರಿಂದ ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್ ಬಂದರೂ, ಅಥವಾ 100.4 ಡಿಗ್ರಿ ಒಂದು ಗಂಟೆ ನಿಂತರೂ ಅದು ತುರ್ತು ಪರಿಸ್ಥಿತಿ. ನೀವು ಮಾತ್ರ ಒಂದು ಗಂಟೆ ಕಾಯಬೇಡಿ, 100.4 ಕಂಡ ಕೂಡಲೇ ಹೇಳಿ. ಮೈ ಬೆಚ್ಚಗಾಗದೆ ಬರೀ ಚಳಿ ನಡುಕ ಬಂದರೂ ಹೇಳಿ. ವಯಸ್ಸಾದವರಿಗೆ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಸೋಂಕಿದ್ದರೂ ಜ್ವರ ಬಾರದೆ ಇರಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮೈ ಬಿಸಿಯಾಯಿತೆಂದು ನಿಮ್ಮ ಚೀಲದಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆ ಕೊಟ್ಟುಬಿಡಬೇಡಿ. ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ನಾವು ಥರ್ಮಾಮೀಟರ್ ಇಟ್ಟಾಗ ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತದೆ. ಹಾಗೆಯೇ ಮಲಬದ್ಧತೆಯಾಗಿದೆ ಎಂದು ನಮ್ಮನ್ನು ಕೇಳದೆ ಎನಿಮಾ ಕೊಡಬೇಡಿ. ಕಣಗಳು ಕಡಿಮೆಯಿದ್ದಾಗ ಸಣ್ಣ ಗಾಯವೂ ಸೋಂಕಿಗೆ ದಾರಿ.

ನೋಡಲು ಬರುವವರ ವಿಷಯ. ನಮ್ಮ ಕಡೆ ಒಬ್ಬರು ಆಸ್ಪತ್ರೆಗೆ ಸೇರಿದರೆ ಊರೇ ನೋಡಲು ಬರುತ್ತದೆ. ಆ ಪ್ರೀತಿಗೆ ಬೆಲೆಯಿದೆ. ಆದರೆ ಒಮ್ಮೆಗೆ ಒಬ್ಬಿಬ್ಬರು ಸಾಕು. ನೆಗಡಿ, ಕೆಮ್ಮು, ಜ್ವರ ಇದ್ದವರು ಫೋನಿನಲ್ಲಿ ಮಾತನಾಡಿಸಲಿ. ರೋಗಿಯನ್ನು ಮುಟ್ಟುವ ಮೊದಲು ಪ್ರತಿಯೊಬ್ಬರೂ ಕೈ ತೊಳೆಯಲಿ. ನಾವು ಕೈ ತೊಳೆಯದೆ ಬಂದರೆ ನಮಗೂ ನೆನಪಿಸಿ.

ರಕ್ತ ಹೆಪ್ಪುಗಟ್ಟುವುದು

ಕ್ಯಾನ್ಸರ್ ಇರುವವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ ಎಂಬುದು ಹಳೆಯ ತಿಳಿವಳಿಕೆ. ಪ್ಯಾರಿಸ್ಸಿನ ವೈದ್ಯ ಆರ್ಮಾಂಡ್ ಟ್ರೂಸೊ 1865ರಲ್ಲಿಯೇ ಇದನ್ನು ವಿವರಿಸಿದ್ದರು. ಮುಂದೆ ತಮ್ಮ ರಕ್ತನಾಳದಲ್ಲಿಯೇ ಹೆಪ್ಪು ಕಂಡಾಗ ತಮಗೂ ಕ್ಯಾನ್ಸರ್ ಆಗಿದೆ ಎಂದು ಅರಿತರು. 1867ರಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು. 2008ರಲ್ಲಿ ಡಾ. ಅಲೋಕ್ ಖೊರಾನಾ ಮತ್ತು ಸಂಗಡಿಗರು ಕಿಮೋ ಆರಂಭಿಸುವವರಲ್ಲಿ ಹೆಪ್ಪಿನ ಅಪಾಯ ಅಳೆಯಲು ಒಂದು ಅಂಕಪಟ್ಟಿ ಪ್ರಕಟಿಸಿದರು. ಅದರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಅಪಾಯದ ಗುಂಪಿನಲ್ಲಿದೆ. ಪ್ಲೇಟ್‌ಲೆಟ್ 3.5 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿರುವುದು, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇರುವುದು, ಬಿಳಿ ರಕ್ತಕಣ 11,000ಕ್ಕಿಂತ ಹೆಚ್ಚಿರುವುದು, ಅತಿಯಾದ ಬೊಜ್ಜು ಇವೂ ಅಂಕ ಏರಿಸುತ್ತವೆ. ಇದರ ಮೇಲೆ ಹಾಸಿಗೆಯಲ್ಲಿಯೇ ಮಲಗಿದ್ದರೆ ಅಪಾಯ ಇನ್ನೂ ಹೆಚ್ಚು.

ಹೆಪ್ಪು ಸಾಮಾನ್ಯವಾಗಿ ಕಾಲಿನಲ್ಲಿ ಕಟ್ಟುತ್ತದೆ. ಒಂದೇ ಕಾಲು ಬಾತಿರುತ್ತದೆ, ಮೀನಖಂಡ ನೋಯುತ್ತದೆ, ಮುಟ್ಟಿದರೆ ಬಿಸಿ ಎನಿಸುತ್ತದೆ. ಆ ಹೆಪ್ಪು ಕಳಚಿ ರಕ್ತದ ಜೊತೆ ಹರಿದು ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಒಮ್ಮೆಲೇ ಉಸಿರು ಕಟ್ಟುತ್ತದೆ, ಎದೆ ಚುಚ್ಚುತ್ತದೆ, ತಲೆ ಸುತ್ತಿ ಬೀಳಬಹುದು, ಪ್ರಾಣವೂ ಹೋಗಬಹುದು.

ಆದ್ದರಿಂದ ಕಾಲು ಬಾತಿದೆ ಎಂದು ಎಣ್ಣೆ ಹಚ್ಚಿ ತಿಕ್ಕಬೇಡಿ. ಪ್ರೀತಿಯಿಂದ ಮಾಡುವ ಈ ಕೆಲಸವೇ ಹೆಪ್ಪನ್ನು ಕಳಚಬಹುದು. ಮೊದಲು ನಮಗೆ ತೋರಿಸಿ. ಬಾವು ಇಲ್ಲದವರು ಡಾಕ್ಟರ ಒಪ್ಪಿಗೆಯಿದ್ದರೆ ದಿನಕ್ಕೆ ಹಲವು ಸಲ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಏಳಲಾಗದವರು ಮಲಗಿದಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ಕೆಲವರಿಗೆ ಹೊಟ್ಟೆಯ ಚರ್ಮದ ಕೆಳಗೆ ದಿನವೂ ಒಂದು ಇಂಜೆಕ್ಷನ್ ಕೊಡುತ್ತೇವೆ. ಅದು ಹೆಪ್ಪು ತಡೆಯುವ ಔಷಧಿ. "ಇಷ್ಟು ಇಂಜೆಕ್ಷನ್ ಯಾಕ್ರೀ" ಎಂದು ಬೇಡವೆನ್ನಬೇಡಿ.

ಉಸಿರಾಟದ ತೊಂದರೆ

ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಹೇಳಿಕೊಡುವ ಒಂದು ಪಾಠವನ್ನು ನೀವೂ ಕಲಿಯಬಹುದು. ರೋಗಿ ಸುಮ್ಮನೆ ಮಲಗಿದ್ದಾಗ, ಅವರಿಗೆ ಹೇಳದೆ, ಗಡಿಯಾರ ನೋಡಿಕೊಂಡು ಎದೆ ಒಂದು ನಿಮಿಷದಲ್ಲಿ ಎಷ್ಟು ಸಲ ಏಳುತ್ತದೆ ಎಂದು ಎಣಿಸಿ. 12ರಿಂದ 20 ಇದ್ದರೆ ಸಾಮಾನ್ಯ. 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೂಡಲೇ ಕರೆಯಿರಿ. ಒಂದು ಪೂರ್ತಿ ವಾಕ್ಯ ಹೇಳಲಾಗದೆ ನಡುವೆ ಉಸಿರು ಎಳೆದುಕೊಳ್ಳುವುದು, ತುಟಿ ನೀಲಿಯಾಗುವುದು, ಮಲಗಲಾಗದೆ ಎದ್ದು ಕೂಡುವುದು ಇವೂ ಅಪಾಯದ ಗುರುತುಗಳೇ.

ಉಸಿರು ಕಷ್ಟವಾಗಲು ನ್ಯುಮೋನಿಯಾ, ಹೆಪ್ಪು, ಶ್ವಾಸಕೋಶದ ಸುತ್ತ ನೀರು ತುಂಬುವುದು, ಹೃದಯದ ಸುತ್ತ ನೀರು ತುಂಬುವುದು ಹೀಗೆ ಹಲವು ಕಾರಣಗಳಿವೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ "ನಿನ್ನೆಯೂ ಹೀಗೇ ಇತ್ತು" ಎಂದು ಸುಮ್ಮನಿರಬಾರದು.

ಆಕ್ಸಿಜನ್ ಕೂಡ ಒಂದು ಔಷಧಿ. ಅದಕ್ಕೂ ಅಳತೆಯಿದೆ. ಬೀಡಿಯಿಂದ ಶ್ವಾಸಕೋಶ ಸವೆದವರಲ್ಲಿ ಕೆಲವರಿಗೆ ಅತಿಯಾದ ಆಕ್ಸಿಜನ್ ಕೊಟ್ಟರೆ ದೇಹದಲ್ಲಿ ಕೆಟ್ಟ ಗಾಳಿ ಉಳಿದು ಮಂಪರು ಕವಿಯುತ್ತದೆ. ಅಂಥವರಿಗೆ ಬೆರಳಿನ ಯಂತ್ರದಲ್ಲಿ 88ರಿಂದ 92 ಇದ್ದರೆ ಸಾಕು ಎಂದು ನಾವು ಬೇಕೆಂದೇ ಇಟ್ಟಿರುತ್ತೇವೆ. ಪಕ್ಕದ ಹಾಸಿಗೆಯವರಿಗೆ 96 ಇದೆ ಎಂದು ನೀವು ಗುಂಡಿ ತಿರುಗಿಸಬೇಡಿ. ಇನ್ನೊಂದು ವಿಷಯ: ಆಕ್ಸಿಜನ್ ಇರುವ ಕಡೆ ಊದುಬತ್ತಿ, ಕರ್ಪೂರ, ದೀಪ, ಬೀಡಿ ಯಾವುದನ್ನೂ ಹಚ್ಚಬಾರದು. ಒಂದು ಕಿಡಿಯೂ ಅಲ್ಲಿ ಬೆಂಕಿಯಾಗುತ್ತದೆ. ಪೂಜೆಯನ್ನು ವಾರ್ಡಿನ ಹೊರಗೆ ಮಾಡಿ ಪ್ರಸಾದ ತಂದು ಕೊಡಿ.

ಎದೆಗೆ ನಳಿಕೆ ಹಾಕಿ ನೀರು ಅಥವಾ ಗಾಳಿ ತೆಗೆಯುತ್ತಿದ್ದರೆ, ಅದರ ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು. ಶೌಚಕ್ಕೆ ಹೋಗುವಾಗಲೂ ಮೇಲಕ್ಕೆ ಎತ್ತಬಾರದು. ನಳಿಕೆ ಮಡಚಬಾರದು, ಕಟ್ಟಬಾರದು. ಅಕಸ್ಮಾತ್ ಕಳಚಿದರೆ ಕೂಗಿ ಕರೆಯಿರಿ.

ಆಪರೇಷನ್ ಆದವರು ನೋವಿಗೆ ಹೆದರಿ ಕೆಮ್ಮುವುದನ್ನೇ ಬಿಡುತ್ತಾರೆ. ಕಫ ನಿಂತು ನ್ಯುಮೋನಿಯಾ ಆಗುವುದು ಹೀಗೆಯೇ. ಮೂರು ಚೆಂಡಿನ ಉಸಿರಿನ ಸಾಧನವನ್ನು ಹೇಳಿಕೊಟ್ಟಂತೆ ಬಳಸಬೇಕು. ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಬೇಕು. ನೋವು ಹೆಚ್ಚಿದ್ದರೆ ಸಹಿಸಿಕೊಳ್ಳದೆ ಹೇಳಬೇಕು.

ಕಫದಲ್ಲಿ ರಕ್ತ

ಕಫದಲ್ಲಿ ಗೆರೆಯಂತೆ ರಕ್ತ ಬಂದರೂ ನಮಗೆ ತೋರಿಸಿ, ಒರೆಸಿ ಎಸೆಯಬೇಡಿ. ಎಷ್ಟು ಬಂತು ಎಂಬುದು ಮುಖ್ಯ. ಚಮಚದಷ್ಟೇ, ಅರ್ಧ ಲೋಟದಷ್ಟೇ ಎಂದು ಹೇಳಿ. ಎದೆಯ ನಡುಭಾಗದ ಗಡ್ಡೆ, ಒಳಗೆ ಕೊಳೆತು ಟೊಳ್ಳಾದ ಗಡ್ಡೆ, ರಕ್ತ ತೆಳುವಾಗಿಸುವ ಔಷಧಿ, ಪ್ಲೇಟ್‌ಲೆಟ್ ಕಡಿಮೆಯಾಗಿರುವುದು ಇವು ಅಪಾಯ ಹೆಚ್ಚಿಸುತ್ತವೆ. ಒಮ್ಮೆಲೇ ಹೆಚ್ಚು ರಕ್ತ ಬಂದರೆ, ರೋಗವಿರುವ ಬದಿ ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿಸಿ ಕರೆಯಿರಿ. ಆಗ ಒಳ್ಳೆಯ ಬದಿಯ ಶ್ವಾಸಕೋಶಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಯಾವ ಬದಿಯಲ್ಲಿ ರೋಗವಿದೆ ಎಂಬುದನ್ನು ಈಗಲೇ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ. ಕುಡಿಯಲು ಏನೂ ಕೊಡಬೇಡಿ.

ಸಣ್ಣದೆಂದು ಬಿಡಬಾರದ ನಾಲ್ಕು ಗುರುತುಗಳು

ಬೆನ್ನುನೋವು ಮತ್ತು ಕಾಲಿನ ಸೋಲು: ಹೊಸದಾಗಿ ಬಂದ ಬೆನ್ನುನೋವು, ಮಲಗಿದಾಗ ಮತ್ತು ಕೆಮ್ಮಿದಾಗ ಹೆಚ್ಚಾಗುವುದು, ಕಾಲು ಜೋಮು ಹಿಡಿಯುವುದು, ಮೂತ್ರ ಕಟ್ಟುವುದು. ರೋಗ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ನಡೆಯುತ್ತಲೇ ಉಳಿಯುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಅದು ಮರಳುವುದು ಕಷ್ಟ.

ಮುಖ ಊದುವುದು: ಬೆಳಿಗ್ಗೆ ಎದ್ದಾಗ ಮುಖ, ಕುತ್ತಿಗೆ ಊದಿರುವುದು, ಕುತ್ತಿಗೆಯ ನರಗಳು ಉಬ್ಬುವುದು, ಬಗ್ಗಿದರೆ ತಲೆ ಭಾರವಾಗುವುದು. ಎದೆಯ ದೊಡ್ಡ ರಕ್ತನಾಳವನ್ನು ಗಡ್ಡೆ ಒತ್ತಿದಾಗ ಹೀಗಾಗುತ್ತದೆ.

ಗೊಂದಲದ ಮಾತು, ಮಂಪರು: "ಅಪ್ಪ ಏನೋ ಬಡಬಡಿಸ್ತಾರ, ವಯಸ್ಸಾಗೇತಿ" ಎಂದು ಬಿಡಬೇಡಿ. ರಕ್ತದಲ್ಲಿ ಸೋಡಿಯಂ ಇಳಿದರೂ, ಕ್ಯಾಲ್ಸಿಯಂ ಏರಿದರೂ, ಸಕ್ಕರೆ ಏರುಪೇರಾದರೂ, ಸೋಂಕಾದರೂ, ಮೆದುಳಿಗೆ ರೋಗ ಹರಡಿದರೂ ಹೀಗಾಗುತ್ತದೆ. ಕ್ಯಾಲ್ಸಿಯಂ ಏರಿದವರಿಗೆ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ ಇರುತ್ತದೆ. ಸಣ್ಣ ಕಣದ ಕ್ಯಾನ್ಸರಿನಲ್ಲಿ ಸೋಡಿಯಂ ಇಳಿಯುವುದು ಹೆಚ್ಚು. ಅಂಥವರಿಗೆ ನೀರು ಅಳೆದು ಕೊಡಲು ಹೇಳಿದ್ದರೆ, "ಪಾಪ" ಎಂದು ಎಳನೀರು, ಜ್ಯೂಸ್ ಕದ್ದು ಕುಡಿಸಬೇಡಿ.

ದನಿ ಒಡೆಯುವುದು ಮತ್ತು ನೆತ್ತಿಗೆ ಹತ್ತುವುದು: ಗಡ್ಡೆಯು ಗಂಟಲಿನ ನರವನ್ನು ಒತ್ತಿದರೆ ದನಿ ಬದಲಾಗುತ್ತದೆ. ಆಗ ನುಂಗಿದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯಬಹುದು. ಮಲಗಿಸಿಕೊಂಡು ಗಂಜಿ, ನೀರು ಹಾಕಬೇಡಿ. ಪೂರ್ತಿ ಎಬ್ಬಿಸಿ ಕೂರಿಸಿ, ಸಣ್ಣ ಸಣ್ಣ ತುತ್ತು ಕೊಡಿ. ಊಟದ ನಂತರ ಅರ್ಧ ಗಂಟೆ ಕೂತಿರಲಿ. ತುತ್ತಿಗೊಮ್ಮೆ ಕೆಮ್ಮು ಬಂದರೆ ನಿಲ್ಲಿಸಿ ನಮಗೆ ಹೇಳಿ.

ನಿಮ್ಮ ಔಷಧಿ ಚೀಲವನ್ನು ಪೂರ್ತಿ ತೋರಿಸಿ

ಸೇರಿಸುವಾಗ "ಬೇರೆ ಗುಳಿಗೆ ಏನಾದರೂ ತಗೋತಾರೇನು?" ಎಂದು ನಾವು ಕೇಳುತ್ತೇವೆ. ಬಹಳ ಜನ "ಏನೂ ಇಲ್ಲ" ಎನ್ನುತ್ತಾರೆ. ದಯವಿಟ್ಟು ನೆನಪಿಸಿಕೊಂಡು ಹೇಳಿ.

ಹೃದಯಕ್ಕೆಂದು ತೆಗೆದುಕೊಳ್ಳುವ ರಕ್ತ ತೆಳುವಾಗಿಸುವ ಗುಳಿಗೆ ರಕ್ತಸ್ರಾವಕ್ಕೆ ಕಾರಣವಾಗಬಹುದು. ಮೊಣಕಾಲು ನೋವಿಗೆ ಅಂಗಡಿಯಲ್ಲಿ ತಂದ ನೋವಿನ ಗುಳಿಗೆಗಳಲ್ಲಿ ಹಲವು ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತವೆ. ಸಿಸ್‌ಪ್ಲಾಟಿನ್ ಎಂಬ ಕಿಮೋ ಪಡೆಯುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಕಿಮೋ ಜೊತೆಗೆ ಕೊಡುವ ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ ಇರುವುದನ್ನು ಮರೆಯದೆ ಹೇಳಿ. ನಾಟಿ ಔಷಧಿ, ಹೆಸರಿಲ್ಲದ ಪುಡಿ ಕೊಡುತ್ತಿದ್ದರೆ ಅದನ್ನೂ ತಂದು ತೋರಿಸಿ. ನಾವು ಬೈಯುವುದಿಲ್ಲ. ಅದರಲ್ಲಿ ಏನಿದೆ ಎಂದು ತಿಳಿಯದೆ ಚಿಕಿತ್ಸೆ ಕೊಡುವುದು ಅಪಾಯ, ಅಷ್ಟೆ.

ಈಗ ಗೆಫಿಟಿನಿಬ್, ಎರ್ಲೊಟಿನಿಬ್, ಓಸಿಮೆರ್ಟಿನಿಬ್ ಮುಂತಾದ ಗುಳಿಗೆಗಳಿಂದಲೂ, ಇಮ್ಯುನೋಥೆರಪಿ ಇಂಜೆಕ್ಷನ್ನುಗಳಿಂದಲೂ ಚಿಕಿತ್ಸೆ ನಡೆಯುತ್ತದೆ. ಇವು ಕೆಲವರಲ್ಲಿ ಶ್ವಾಸಕೋಶಕ್ಕೇ ಉರಿಯೂತ ತರಬಹುದು. ಅದು ಎಕ್ಸ್‌ರೇಯಲ್ಲಿ ನ್ಯುಮೋನಿಯಾದಂತೆಯೇ ಕಾಣಬಹುದು, ಆದರೆ ಅದಕ್ಕೆ ಬೇಕಾದದ್ದು ಆ ಔಷಧಿಯನ್ನು ನಿಲ್ಲಿಸಿ ಸ್ಟೀರಾಯ್ಡ್ ಕೊಡುವುದು. ಬೇರೆ ಊರಿನಲ್ಲಿ ಆರಂಭಿಸಿದ ಗುಳಿಗೆಯ ಖಾಲಿ ಪಟ್ಟಿಯನ್ನಾದರೂ ತನ್ನಿ. ಕೊನೆಯ ಕಿಮೋ ಅಥವಾ ಇಂಜೆಕ್ಷನ್ ಯಾವ ತಾರೀಖಿಗೆ ಆಯಿತು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತುರ್ತಿನಲ್ಲಿ ನಾವು ಮೊದಲು ಕೇಳುವ ಪ್ರಶ್ನೆ ಅದೇ.

ರೋಗಿಗೆ ಹೇಳಬೇಕೋ ಬೇಡವೋ?

"ಸಿಸ್ಟರ್, ಅಪ್ಪಗ ಏನೂ ಹೇಳಬ್ಯಾಡ್ರಿ. ಎದಿಯಾಗ ನೀರು ತುಂಬೇತಿ ಅಂತ ಅಷ್ಟ ಹೇಳೀವಿ." ಈ ಮಾತನ್ನು ನಾವು ವಾರ್ಡಿನಲ್ಲಿ ದಿನವೂ ಕೇಳುತ್ತೇವೆ. ಇದರ ಹಿಂದೆ ಇರುವುದು ಪ್ರೀತಿ. ಧೈರ್ಯ ಕುಂದಬಾರದು, ಊಟ ಬಿಡಬಾರದು ಎಂಬ ಕಾಳಜಿ. ಅದು ನಮಗೆ ಅರ್ಥವಾಗುತ್ತದೆ.

ಆದರೆ ಇದರಿಂದ ಆಗುವ ಒಂದು ತೊಂದರೆಯನ್ನು ನೀವು ಯೋಚಿಸಿರಲಿಕ್ಕಿಲ್ಲ. ತನಗೆ ಕೊಟ್ಟದ್ದು ಕಿಮೋ ಎಂದು ತಿಳಿಯದ ರೋಗಿ, ಹತ್ತನೆಯ ದಿನ ಬಂದ ಜ್ವರವನ್ನು ಯಾರಿಗೂ ಹೇಳದೆ ಹೊದ್ದು ಮಲಗುತ್ತಾರೆ. ಮಕ್ಕಳಿಗೆ ತೊಂದರೆ ಯಾಕೆ ಎಂದು ಬೆನ್ನುನೋವನ್ನು ನುಂಗಿಕೊಳ್ಳುತ್ತಾರೆ. ಕಫದಲ್ಲಿ ಬಂದ ರಕ್ತವನ್ನು ಬಚ್ಚಲಲ್ಲಿ ತೊಳೆದುಬಿಡುತ್ತಾರೆ. ನೀವು ಅವರಿಂದ ರೋಗ ಮುಚ್ಚಿಟ್ಟರೆ, ಅವರು ನಿಮ್ಮಿಂದ ಲಕ್ಷಣ ಮುಚ್ಚಿಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಹೊತ್ತು ಮೀರುತ್ತದೆ. ಅನೇಕ ರೋಗಿಗಳಿಗೆ ವಿಷಯ ಗೊತ್ತೇ ಇರುತ್ತದೆ. ಬಾಯಿ ಬಿಡುವುದಿಲ್ಲ, ಅಷ್ಟೆ.

ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ಅವರು ಎಷ್ಟು ಕೇಳುತ್ತಾರೋ ಅಷ್ಟು, ಅವರಿಗೆ ತಿಳಿಯುವ ಮಾತಿನಲ್ಲಿ, ಮನೆಯವರು ಪಕ್ಕದಲ್ಲಿರುವಾಗ ಹೇಳಬಹುದು. ಹೇಗೆ ಹೇಳಬೇಕು ಎಂದು ತೋಚದಿದ್ದರೆ ಡಾಕ್ಟರನ್ನೋ ನಮ್ಮನ್ನೋ ಜೊತೆಗೆ ಕರೆಯಿರಿ. ಕೂಡಲೇ ಹೇಳಲು ಮನಸ್ಸು ಬಾರದಿದ್ದರೂ ಇಷ್ಟನ್ನಾದರೂ ಹೇಳಿಬಿಡಿ: "ಅಪ್ಪ, ನಿಮಗೆ ಕೊಟ್ಟಿರುವುದು ಗಟ್ಟಿ ಔಷಧಿ. ಜ್ವರ, ಚಳಿ, ಉಸಿರು ಕಟ್ಟುವುದು, ರಕ್ತ, ಕಾಲು ಸೋಲುವುದು ಯಾವುದೇ ಆಗಲಿ, ನಡುರಾತ್ರಿಯಾದರೂ ನಮ್ಮನ್ನು ಎಬ್ಬಿಸಿ."

ಇನ್ನು ರೋಗಿಗಳಿಗೆ ಒಂದು ಮಾತು. ನಿಮ್ಮ ದೇಹದ ವಿಷಯ ತಿಳಿದುಕೊಳ್ಳುವ ಹಕ್ಕು ನಿಮಗಿದೆ. ಸಂಕೋಚವಿಲ್ಲದೆ ಕೇಳಿ.

ಈಗ ಬೀಡಿ ಬಿಟ್ಟರೆ ಪ್ರಯೋಜನವೇನು?

"ಬರೋ ರೋಗ ಬಂದಾತು, ಇನ್ನ ಬಿಟ್ಟು ಏನ್ ಮಾಡೂದೈತಿ?" ಎಂದು ಕೇಳುವವರಿದ್ದಾರೆ. ಮಾಡುವುದು ಬಹಳವಿದೆ. ಬೀಡಿ ಬಿಟ್ಟವರಿಗೆ ಕಫ ತೆಗೆಯುವ ಶಕ್ತಿ ಮೆಲ್ಲಗೆ ಮರಳುತ್ತದೆ, ಆಪರೇಷನ್ನಿನ ಗಾಯ ಚೆನ್ನಾಗಿ ಮಾಯುತ್ತದೆ, ನ್ಯುಮೋನಿಯಾದ ಅಪಾಯ ಇಳಿಯುತ್ತದೆ. ಬಿಡಲು ಕಷ್ಟವಾದರೆ ನಮಗೆ ಹೇಳಿ, ಅದಕ್ಕೂ ಔಷಧಿ ಮತ್ತು ಸಲಹೆ ಇದೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800 112 356ಕ್ಕೆ ಹಣವಿಲ್ಲದೆ ಕರೆ ಮಾಡಬಹುದು. ರೋಗಿಯ ಎದುರು ಮನೆಯವರೂ ಸೇದಬಾರದು.

ಗುಣವಾಗದ ಹಂತದಲ್ಲಿಯೂ ಮಾಡುವುದಿದೆ

ಕೆಲವರಲ್ಲಿ ರೋಗ ಪೂರ್ತಿ ಗುಣವಾಗುವ ಹಂತ ದಾಟಿರುತ್ತದೆ. ಆಗಲೂ ಉಸಿರಾಟದ ಕಷ್ಟ, ನೋವು, ನಿದ್ರೆಯಿಲ್ಲದಿರುವುದು, ಭಯ ಇವುಗಳನ್ನು ಕಡಿಮೆ ಮಾಡುವ ಚಿಕಿತ್ಸೆಯಿದೆ. ಇದನ್ನು ಉಪಶಮನ ಚಿಕಿತ್ಸೆ ಎನ್ನುತ್ತೇವೆ. ಇದು ಕೈಬಿಟ್ಟವರಿಗೆ ಕೊಡುವ ಚಿಕಿತ್ಸೆ ಎಂಬ ತಪ್ಪು ತಿಳಿವಳಿಕೆ ಇದೆ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಮನ ಚಿಕಿತ್ಸೆ ಪಡೆದವರ ದಿನಗಳು ಹೆಚ್ಚು ನೆಮ್ಮದಿಯಿಂದ ಕಳೆದವು. ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳು ದಾಟಿ ಬದುಕಿದ್ದರು; ಉಳಿದ ಗುಂಪಿನಲ್ಲಿ ಇದು 8.9 ತಿಂಗಳಾಗಿತ್ತು.

ಆದ್ದರಿಂದ ಮಾರ್ಫಿನ್ ಎಂದ ಕೂಡಲೇ ಹೆದರಬೇಡಿ. ಸರಿಯಾದ ಅಳತೆಯಲ್ಲಿ ಕೊಟ್ಟರೆ ಅದು ನೋವನ್ನೂ ಉಸಿರಿನ ಕಷ್ಟವನ್ನೂ ಇಳಿಸುತ್ತದೆ. ಅತಿಯಾದ ಮಂಪರು ಕಂಡರೆ ಹೇಳಿ, ಅಳತೆ ಬದಲಿಸುತ್ತೇವೆ. ತೀರ ತುರ್ತಾದಾಗ ಉಸಿರಾಟದ ಯಂತ್ರ ಹಾಕಬೇಕೇ, ಅದರಿಂದ ನಿಮ್ಮ ರೋಗಿಗೆ ಎಷ್ಟು ಲಾಭ, ಅವರ ಇಚ್ಛೆ ಏನು ಎಂಬುದನ್ನು ಡಾಕ್ಟರ ಜೊತೆ ಮೊದಲೇ ಕುಳಿತು ಮಾತನಾಡಿ. ನಡುರಾತ್ರಿ ಐ.ಸಿ.ಯು. ಬಾಗಿಲಲ್ಲಿ ನಿಂತು ಐದು ನಿಮಿಷದಲ್ಲಿ ತೀರ್ಮಾನಿಸುವ ಕಷ್ಟ ಯಾರಿಗೂ ಬೇಡ.

ಕೂಡಲೇ ಕರೆಯಬೇಕಾದ ಸಂದರ್ಭಗಳು

- 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಇಲ್ಲವೇ ಚಳಿ ನಡುಕ
- ನಿಮಿಷಕ್ಕೆ 25 ಅಥವಾ ಹೆಚ್ಚು ಉಸಿರು, ತುಟಿ ನೀಲಿ, ಮಾತು ತುಂಡಾಗುವುದು
- ಒಮ್ಮೆಲೇ ಎದೆನೋವು, ತಲೆ ಸುತ್ತಿ ಬೀಳುವುದು
- ಒಂದೇ ಕಾಲಿನ ಬಾವು, ನೋವು
- ಕಫದಲ್ಲಿ ರಕ್ತ
- ಗೊಂದಲ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್
- ಹೊಸ ಬೆನ್ನುನೋವು, ಕಾಲಿನ ಸೋಲು, ಮೂತ್ರ ಕಟ್ಟುವುದು
- ಮುಖ, ಕುತ್ತಿಗೆ ಊದುವುದು
- ಇಡೀ ದಿನ ಮೂತ್ರ ತೀರ ಕಡಿಮೆ ಆಗುವುದು

ಬಂಧುಗಳೇ, ಈ ಹಾಳೆಯನ್ನು ಮಡಚಿ ಚೀಲದ ತಳದಲ್ಲಿಡಬೇಡಿ. ಹಾಸಿಗೆ ಪಕ್ಕದ ಲಾಕರ್ ಮೇಲೆ ಕಾಣುವಂತೆ ಇಡಿ. ಪಾಳಿ ಬದಲಿಸಿ ಬರುವ ಅಣ್ಣನಿಗೂ, ಸೊಸೆಗೂ ಓದಿ ಹೇಳಿ. ಓದು ಬಾರದವರಿಗೆ ನಮ್ಮ ಸಿಸ್ಟರ್ ಓದಿ ಹೇಳುತ್ತಾರೆ.

"ನಾಳಿ ಡಾಕ್ಟರು ರೌಂಡಿಗೆ ಬರತಾರಲ್ಲ, ಆವಾಗ ಹೇಳೂಣು" ಎಂದು ಕಾಯಬೇಡಿ. ನಡುರಾತ್ರಿ ಎರಡು ಗಂಟೆಗೆ ಕರೆದು, ನಾವು ಬಂದು ನೋಡಿ, "ಏನೂ ಇಲ್ಲ, ಮಲಗಿ" ಎಂದು ಹೇಳಿದರೆ ಅದರಲ್ಲಿ ಯಾರಿಗೂ ನಷ್ಟವಿಲ್ಲ. ಅಂಥ ಕರೆಗೆ ಎದ್ದು ಬರುವುದಕ್ಕೇ ರಾತ್ರಿ ಪಾಳಿಯಲ್ಲಿ ಸಿಸ್ಟರ್ ಇರುವುದು.

ನಿಮ್ಮ ರೋಗಿ ಬೇಗ ಚೇತರಿಸಿಕೊಳ್ಳಲಿ ಎಂದು ಹಾರೈಸುತ್ತೇನೆ.